ಭಾವ ಕೂತರೆ ಹತ್ತುವ ದೀಪ

ತೂಕ ಮತ್ತು ಅಳತೆ ಇಲಾಖೆಯಲ್ಲಿ ಅರ್ಧ ಆಯುಷ್ಯವನ್ನು ಸವೆಸಿದ ಮನುಷ್ಯನಿಗೆ ಜಗತ್ತಿನ ಸಕಲ ಕೇಡುಗಳಿಗೂ ತೂಕವೇ ಕಾರಣವೆಂದು ತೋರಿದರೆ ಅದು ಅವನ ತಪ್ಪಲ್ಲ. ಇಲಾಖೆ ಕೊಟ್ಟ ಶಿಕ್ಷಣ. ನಮ್ಮ ಕಥಾನಾಯಕರನ್ನು ಬೀದಿಯವರೆಲ್ಲ ‘ತೂಕದ ಯಜಮಾನರು’ ಎಂದೇ ಕರೆಯುತ್ತಿದ್ದರು. ಅವರು ಅಂಗಡಿಯ ಮೆಟ್ಟಿಲೇರಿದರೆ ತಕ್ಕಡಿಯ ಮುಳ್ಳು ತಾನಾಗಿ ನೆಟ್ಟಗೆ ನಿಲ್ಲುತ್ತದೆಂಬ ಪ್ರತೀತಿಯಿತ್ತು. ಆ ಪ್ರತೀತಿಯನ್ನು ಹುಟ್ಟಿಸಿದವರೂ ಅವರೇ ಎಂಬುದು ಬೇರೆ ಮಾತು. ಮನೆಯ ಬಾಗಿಲು ಕಿರುಗುಟ್ಟಿದರೆ ಅದಕ್ಕೆ ಬಾಗಿಲ ಭಾರ ಕಾರಣ. ಮೇಜು ಕುಂಟಿದರೆ ಮೇಲಿಟ್ಟ ಕಡತಗಳ ಭಾರ ಕಾರಣ. ಅವರ ಸ್ವಂತ ತೂಕ ಮಾತ್ರ ಹೇಳಿಕೊಳ್ಳುವಂಥದ್ದಲ್ಲ. ಗಾಳಿ ಜೋರಾಗಿ ಬೀಸುವ ದಿನ ಅವರು ಕೊಡೆ ಬಿಚ್ಚಲು ಅಂಜುತ್ತಿದ್ದರು.

ಆ ವರ್ಷ ಯಜಮಾನರು ಹೊಸದೊಂದು ಕಾರು ಕೊಂಡಿದ್ದರು. ಕೊಂಡಿದ್ದರೆಂದರೆ, ಮನೆಯ ಮುಂದೆ ನಿಲ್ಲಿಸಿದ್ದರು. ಕಚೇರಿಗೆ ಹೋಗಿಬರಲು ಇಲಾಖೆಯ ವ್ಯಾನು ಇದ್ದುದರಿಂದ, ರಸ್ತೆಯ ಬದಿಯಲ್ಲಿ ನಿಂತು ಎದುರುಮನೆಯವರ ಕಣ್ಣಿಗೆ ಬೀಳುವುದಷ್ಟೇ ಆ ಕಾರಿನ ಉದ್ಯೋಗ. ಭಾನುವಾರ ಮಧ್ಯಾಹ್ನ ಬಿಸಿಲು ಕಾಯ್ದ ಮೇಲೆ ಹೆಂಡತಿಯನ್ನು ಕೂರಿಸಿಕೊಂಡು ಊರಿಗೊಂದು ಸುತ್ತು ಹಾಕಿ ಬಂದು, ಮತ್ತೆ ಗವುಸು ಹೊದಿಸಿಬಿಡುತ್ತಿದ್ದರು. ಹೀಗೆ ಎಲ್ಲವೂ ಸರಿತೂಗಿ ನಡೆಯುತ್ತಿದ್ದಾಗ ಚಳಿಯೂ ಭಾವನೂ ಒಂದೇ ವಾರದಲ್ಲಿ ಬಂದಿಳಿದರು. ಅನರ್ಥಕ್ಕೆ ಇದೇ ಮೂಲ.

ಭಾವನೆಂದರೆ ಯಜಮಾನರ ಹೆಂಡತಿಯ ಒಬ್ಬನೇ ಅಣ್ಣ. ಬೇರೊಂದು ಊರಿನಲ್ಲಿ ಪುಸ್ತಕಗಳಿಗೆ ರಟ್ಟು ಕಟ್ಟುವ ಕಸುಬಿನವರು. ದಿನವಿಡೀ ಕೂತು ಮಾಡುವ ಕೆಲಸ, ಕೆಲಸದಷ್ಟೇ ಶ್ರದ್ಧೆಯಿಂದ ಮಾಡುವ ಊಟ, ಇವೆರಡೂ ಸೇರಿ ಅವರನ್ನು ದೊಡ್ಡದೊಂದು ನಿಘಂಟಿನ ಗಾತ್ರಕ್ಕೆ ತಂದಿದ್ದವು. ಗಾತ್ರಕ್ಕೆ ತಕ್ಕ ಸಾಧುಸ್ವಭಾವ. ಬಾಗಿಲಲ್ಲಿ ಯಾರಾದರೂ ಎದುರಾದರೆ ತಾವೇ ಹಿಂದೆ ಸರಿದು ದಾರಿ ಬಿಡುವರು. ಅವರ ಒಂದು ಕಣ್ಣಿಗೆ ಯಜಮಾನರ ಊರಿನ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯಾಗಿತ್ತು. ಗಾಯ ಮಾಯುವತನಕ ಪ್ರತಿದಿನ ಬೆಳಿಗ್ಗೆ ಮೊದಲ ಹೊತ್ತಿಗೇ ಬಂದು ಪಟ್ಟಿ ಬದಲಾಯಿಸಿಕೊಳ್ಳಬೇಕೆಂದೂ, ತಪ್ಪಿಸಿದರೆ ಕಣ್ಣಿಗೆ ತಾವು ಜವಾಬ್ದಾರರಲ್ಲವೆಂದೂ ಡಾಕ್ಟರು ಖಂಡಿತವಾಗಿ ಹೇಳಿದ್ದರು. ತಂಗಿಯ ಮನೆ ಇರುವಾಗ ಅಣ್ಣ ಬೇರೆಲ್ಲಿ ಉಳಿಯಬೇಕು? ಕಾರಿರುವಾಗ ಬಸ್ಸೇಕೆ? ಈ ಎರಡನೆಯ ಪ್ರಶ್ನೆಯನ್ನು ಕೇಳಿದವರು ಯಜಮಾನರೇ, ಅದೂ ಎದುರುಮನೆಗೆ ಕೇಳಿಸುವಷ್ಟು ಗಟ್ಟಿಯಾಗಿ.

ಮೊದಲ ದಿನ ಬೆಳಿಗ್ಗೆ ಬಾಯಿ ತೆರೆದರೆ ಹೊಗೆ ಬರುವಂಥ ಚಳಿ. ಯಜಮಾನರು ಗಾಜಿನ ಮೇಲಿನ ಇಬ್ಬನಿಯನ್ನು ಒರೆಸಿ, ಭಾವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೀಲಿ ತಿರುಗಿಸಿದರು. ಭಾವ ಕೂತೊಡನೆಯೇ ಕಾರು ಆ ಬದಿಗೆ ಒಂದಿಷ್ಟು ವಾಲಿತ್ತು. ಕೀಲಿ ತಿರುಗಿದೊಡನೆ ಸ್ಟಿಯರಿಂಗಿನ ಹಿಂದಿನ ಫಲಕದಲ್ಲಿ ಹಳದಿ ದೀಪವೊಂದು ಹತ್ತಿಕೊಂಡಿತು. ಟೈರುಗಳಲ್ಲಿ ಗಾಳಿ ಕಡಿಮೆಯಾದರೆ ಹತ್ತುವ ದೀಪವದೆಂದು ಕಾರು ಮಾರಿದವನು ಹೇಳಿದ್ದು ಯಜಮಾನರಿಗೆ ನೆನಪಿತ್ತು. ಅವರು ದೀಪವನ್ನು ನೋಡಿದರು, ಭಾವನನ್ನು ನೋಡಿದರು. ಆಸ್ಪತ್ರೆಯ ಬಾಗಿಲಲ್ಲಿ ಭಾವ ಇಳಿದರು. ಯಜಮಾನರು ಮತ್ತೆ ಕಾರು ಹೊರಡಿಸಿದಾಗ ದೀಪವಿರಲಿಲ್ಲ.

ಮರುದಿನವೂ ಹಾಗೆಯೇ. ಅದರ ಮರುದಿನವೂ ಹಾಗೆಯೇ. ಭಾವ ಕೂತರೆ ದೀಪ ಹತ್ತುವುದು, ಭಾವ ಇಳಿದರೆ ದೀಪ ಆರುವುದು. ಇದಕ್ಕಿಂತ ಹೆಚ್ಚಿನ ಸಾಕ್ಷ್ಯ ಬೇಕೆನ್ನುವವನು ಇಲಾಖೆಯಲ್ಲಿ ಕೆಲಸ ಮಾಡಲು ಯೋಗ್ಯನಲ್ಲ. ಟೈರಿಗೆ ಗಾಳಿ ಹಿಡಿಸಬಾರದೇ ಎಂದು ಹೆಂಡತಿ ಕೇಳಿದಳು. ಯಜಮಾನರು ಅದನ್ನೂ ಬಿಟ್ಟಿರಲಿಲ್ಲ; ಒಂದು ಮಧ್ಯಾಹ್ನ ಊರೆಲ್ಲ ಸುತ್ತಿ ಬರುವಾಗ ಪರೀಕ್ಷಿಸಿದ್ದರು, ಗಾಳಿ ಸರಿಯಾಗಿಯೇ ಇತ್ತು. ಆದ್ದರಿಂದ ದೋಷ ಟೈರಿನದಲ್ಲ, ಹೊರೆಯದು ಎಂದು ತೀರ್ಮಾನವಾಯಿತು. ಭಾರ ಬಿದ್ದಾಗ ಗಾಳಿ ಅದುಮಿಕೊಂಡು ಸೋಲುತ್ತದೆ, ಭಾರ ಇಳಿದಾಗ ಚೇತರಿಸಿಕೊಳ್ಳುತ್ತದೆ. ಈ ಸಿದ್ಧಾಂತ ಯಜಮಾನರಿಗೆ ಎಷ್ಟು ಸುಂದರವಾಗಿ ಕಂಡಿತೆಂದರೆ, ಅದನ್ನು ತಮ್ಮೊಳಗೇ ಇಟ್ಟುಕೊಳ್ಳುವುದು ಅವರಿಂದಾಗಲಿಲ್ಲ.

ಭಾವನಿಗೆ ಅದನ್ನು ತಿಳಿಸಿದಾಗ ಅವರು ಕೋಪಿಸಿಕೊಳ್ಳಲಿಲ್ಲ. ಹೊಸ ಕಾರಿಗೆ ತಮ್ಮಿಂದ ಹಾನಿಯಾಗುತ್ತಿದೆಯೆಂದು ನಿಜವಾಗಿಯೇ ನೊಂದುಕೊಂಡರು. ಇಬ್ಬರೂ ಪರಸ್ಪರ ‘ಭಾವ’ ಎಂದೇ ಕರೆದುಕೊಳ್ಳುವ ರೂಢಿ.

“ನೀವು ಮೊದಲೇ ಹೇಳಬಾರದಿತ್ತಾ ಭಾವ? ನಾನು ಹಿಂದಿನ ಸೀಟಲ್ಲಿ ನಡುಮಧ್ಯೆ ಕೂರ್ತಿದ್ದೆ. ನಾಲ್ಕು ಚಕ್ರಕ್ಕೂ ಸಮನಾಗಿ ಹಂಚಿ ಹೋಗ್ತಿತ್ತು.”

ನಡುಮಧ್ಯೆ ಕೂತು ನೋಡಿದ್ದಾಯಿತು, ದೀಪ ಹತ್ತಿತು. ಎಡಹಿಂದೆ, ಬಲಹಿಂದೆ, ಕೊನೆಗೆ ಅರ್ಧ ಎದ್ದು ನಿಂತಂತೆ ಚಾವಣಿ ಹಿಡಿದುಕೊಂಡು; ಎಲ್ಲಕ್ಕೂ ದೀಪ ಹತ್ತಿತು. ಆಗ ಯಜಮಾನರಿಗೆ ಒಂದು ಉಪಾಯ ಹೊಳೆಯಿತು. ಟೈರು ನಿದ್ದೆಯಿಂದೆದ್ದ ಕೂಡಲೇ ಭಾರ ಹೊರಿಸುವುದರಿಂದಲೇ ಈ ತೊಂದರೆ. ಬೀದಿಯ ಕೊನೆ ದಾಟಿ ದೊಡ್ಡ ರಸ್ತೆಯ ತಿರುವಿನವರೆಗೆ ಬರಿಗಾಡಿ ಓಡಿದರೆ ಟೈರುಗಳಿಗೆ ಕಸುವು ಬಂದೀತು. ಅಲ್ಲಿಯವರೆಗೆ ಭಾವ ನಡೆಯುವುದು, ಆಮೇಲೆ ಹತ್ತುವುದು.

ಪ್ರಯೋಗ ಯಶಸ್ವಿಯಾಯಿತು. ತಿರುವು ಸಮೀಪಿಸುವಷ್ಟರಲ್ಲಿ ದೀಪ ಆರಿತು. ಭಾವ ಏರಿ ಕೂತರೂ ದೀಪ ಮತ್ತೆ ಹತ್ತಲಿಲ್ಲ. ಅಂದಿನಿಂದ ಆ ಬೀದಿಯವರು ಪ್ರತಿದಿನ ಬೆಳಿಗ್ಗೆ ಕಿಟಕಿ ತೆರೆದರೆ ಕಾಣುತ್ತಿದ್ದ ನೋಟ ಇದು: ಕಿವಿಗೆ ಮಫ್ಲರ್ ಸುತ್ತಿ, ಒಂದು ಕಣ್ಣಿಗೆ ಬಿಳಿಯ ಪಟ್ಟಿ ಕಟ್ಟಿಕೊಂಡ ಭಾರೀ ಗಾತ್ರದ ಮನುಷ್ಯರೊಬ್ಬರು ಮಂಜಿನಲ್ಲಿ ಏದುಸಿರು ಬಿಡುತ್ತ ಮುಂದೆ ನಡೆಯುತ್ತಿದ್ದಾರೆ, ಅವರ ಹಿಂದೆ ಖಾಲಿ ಕಾರೊಂದು ಗೌರವದಿಂದ ಹಿಂಬಾಲಿಸುತ್ತಿದೆ, ಅದರೊಳಗೆ ಕಡ್ಡಿಯಂಥ ಯಜಮಾನರು ಬೆಚ್ಚಗೆ ಕೂತು ಫಲಕದ ಮೇಲೆ ಕಣ್ಣು ನೆಟ್ಟಿದ್ದಾರೆ.

ಮೊದಲು ವಿಚಾರಿಸಿದವರು ಎದುರುಮನೆಯ ನಿವೃತ್ತ ಪೊಲೀಸ್ ಇನ್ಸ್‌ಪೆಕ್ಟರು. ಅವರ ಬಳಿಯೂ ಕಾರಿತ್ತು. ಅದರಲ್ಲೂ ಬೆಳಗಿನ ಹೊತ್ತು ಅಂಥದೇ ದೀಪ ಹತ್ತುತ್ತಿತ್ತು. ಯಜಮಾನರ ವಿವರಣೆಯನ್ನು ಅವರು ಕೈಕಟ್ಟಿಕೊಂಡು ಕೇಳಿ, ತಮ್ಮ ಮನೆಯೊಳಗೆ ಒಮ್ಮೆ ಅರ್ಥಗರ್ಭಿತವಾಗಿ ನೋಡಿದರು. ಅವರ ಅತ್ತೆ ಆರು ತಿಂಗಳಿಂದ ಅಲ್ಲೇ ಇದ್ದರು. ಆಕೆ ದಿನಾ ಬೆಳಿಗ್ಗೆ ಕಾರಿನಲ್ಲಿ ಉದ್ಯಾನಕ್ಕೆ ಹೋಗಿ, ಅಲ್ಲಿ ಕೂತು, ಕಾರಿನಲ್ಲೇ ವಾಪಸಾಗುವರು. ಆಕೆಯೂ ದೇಹದಲ್ಲಿ ಹಿಂದುಳಿದವರಲ್ಲ. ಇಲಾಖೆಯ ಅಧಿಕಾರಿಯೊಬ್ಬರೇ ಹೀಗೆ ಹೇಳುತ್ತಿರುವಾಗ ತಾವು ಕಾನೂನು ಮೀರುವುದು ಹೇಗೆಂದು ಇನ್ಸ್‌ಪೆಕ್ಟರು ಮನೆಯವರನ್ನು ಕೇಳಿದರಂತೆ. ವಾರ ಕಳೆಯುವುದರೊಳಗೆ ಅತ್ತೆ ಬಸ್ಸು ಹತ್ತಿ ಕಿರಿಯ ಮಗಳ ಊರಿಗೆ ಹೋದರು. ಇನ್ಸ್‌ಪೆಕ್ಟರು ಅಂದಿನಿಂದ ಯಜಮಾನರನ್ನು ಕಂಡಾಗಲೆಲ್ಲ ಹಿಮ್ಮಡಿ ಜೋಡಿಸಿ ಸಲಾಮು ಹೊಡೆಯತೊಡಗಿದರು.

ಮೂಲೆಮನೆಯ ಟೈಲರಮ್ಮನ ದಾರಿ ಬೇರೆ. ಆಕೆ ಕತ್ತಿನಲ್ಲಿ ನೇತಾಡುವ ಟೇಪಿನೊಂದಿಗೇ ಬೀದಿಗೆ ಬಂದು, ಅಳೆಯದೆ ಮಾತಾಡುವುದು ತನ್ನ ಕಸುಬಿಗೆ ಒಪ್ಪುವುದಿಲ್ಲವೆಂದು ಹೇಳಿ, ಭಾವನ ಸೊಂಟಕ್ಕೆ ಟೇಪು ಸುತ್ತಲು ನೋಡಿದರು. ಟೇಪು ಮುಗಿಯಿತು, ಸೊಂಟ ಮುಗಿಯಲಿಲ್ಲ. ಹಾಲು ತರಲು ಹೊರಟವರೆಲ್ಲ ನಿಂತು ನಕ್ಕರು. ಭಾವನೂ ನಕ್ಕರು. ಆದರೆ ನಗು ಮುಗಿದ ಮೇಲೆ ಅವರು ಸ್ವೆಟರನ್ನು ಕೆಳಗೆಳೆದುಕೊಂಡ ರೀತಿಯನ್ನು ಯಾರೂ ಗಮನಿಸಲಿಲ್ಲ.

ಇಷ್ಟಕ್ಕೇ ನಿಲ್ಲಿಸಿದ್ದರೆ ಯಜಮಾನರು ಯಜಮಾನರಾಗುತ್ತಿರಲಿಲ್ಲ. ಸಿದ್ಧಾಂತಕ್ಕೆ ಅಂಕಿಯ ಆಧಾರ ಬೇಡವೇ? ಅವರು ಒಂದು ದಿನ ಆಸ್ಪತ್ರೆಯಿಂದ ಭಾವನನ್ನು ನೇರವಾಗಿ ಕಚೇರಿಗೇ ಕರೆದುಕೊಂಡು ಹೋದರು. ಅಲ್ಲಿ ಗೋದಾಮಿನವರ ತೂಕಗಳನ್ನು ಪರೀಕ್ಷಿಸಲು ನೆಲಮಟ್ಟದಲ್ಲಿ ಕೂರಿಸಿದ ದೊಡ್ಡ ಕಬ್ಬಿಣದ ಹಲಗೆಯ ತಕ್ಕಡಿಯೊಂದಿತ್ತು. ಮೂಟೆಗಳಿಗೆಂದು ಮಾಡಿದ ಆ ಹಲಗೆಯ ಮೇಲೆ ಭಾವ ಚಪ್ಪಲಿ ಕಳಚಿ ನಿಂತರು. ಗುಮಾಸ್ತರು ಕಡತ ಬಿಟ್ಟು ಬಂದರು. ಮುದ್ರೆ ಒತ್ತುವವನು ಮುದ್ರೆ ಹಿಡಿದೇ ಬಂದ. ಸಹಾಯಕ ನಿಯಂತ್ರಕರು ತಮ್ಮ ಕೋಣೆಯಿಂದ ಹೊರಬಂದು, ಇದು ಖಾಸಗಿ ವಸ್ತುವೋ ವಶಪಡಿಸಿಕೊಂಡ ವಸ್ತುವೋ ಎಂದು ಗಂಭೀರವಾಗಿ ಕೇಳಿದರು. ಕಟ್ಟಡವೇ ನಕ್ಕಂತಾಯಿತು. ಯಜಮಾನರೂ ಸಂಕೋಚವಿಲ್ಲದೆ ನಕ್ಕು, ಮುಳ್ಳು ಅಲುಗಾಡುತ್ತಿರುವುದರಿಂದ ಸ್ವಲ್ಪ ಸ್ಥಿರವಾಗಿ ನಿಲ್ಲಬೇಕೆಂದು ಭಾವನಿಗೆ ಸೂಚಿಸಿದರು.

ಭಾವ ಹೊಟ್ಟೆಯ ಮೇಲೆ ಎರಡೂ ಕೈ ಜೋಡಿಸಿಕೊಂಡು, ಇದ್ದ ಒಂದು ಕಣ್ಣಿನಿಂದ ಸುತ್ತ ನೋಡಿ ಮೆಲ್ಲಗೆ ಕೇಳಿದರು: “ಉಸಿರು ಹಿಡೀಲಾ ಭಾವ, ಬಿಡಲಾ?”

ಅಂದು ಸಂಜೆಯಿಂದ ಭಾವ ಊಟ ಬಿಟ್ಟರು. ಬಿಟ್ಟರೆಂದು ಹೇಳಲಿಲ್ಲ, ಹಸಿವಿಲ್ಲವೆಂದರು. ಮರುದಿನ ಹಲ್ಲುನೋವೆಂದರು. ಅದರ ಮರುದಿನ ಡಾಕ್ಟರೇ ಮಿತವಾಗಿ ತಿನ್ನಲು ಹೇಳಿದ್ದಾರೆಂದರು. ಯಜಮಾನರ ಹೆಂಡತಿಗೆ ಅಣ್ಣನ ಹಸಿವಿನ ಪರಿಚಯ ಹುಟ್ಟಿದಂದಿನಿಂದ ಇತ್ತು. ಆಕೆ ತಟ್ಟೆಯನ್ನು ನೋಡಿದಳು, ಗಂಡನನ್ನು ನೋಡಿದಳು. ಅಣ್ಣ ಮಲಗಿದ ಮೇಲೆ ಅಡುಗೆಮನೆಯ ಬಾಗಿಲು ಹಾಕಿಕೊಂಡು ಅವಳು ಆಡಿದ ಮಾತುಗಳ ಸಾರಾಂಶವಿಷ್ಟು: ತನ್ನ ಮದುವೆಯ ದಿನ ಎಲ್ಲರೂ ಉಂಡ ಮೇಲೆ ಉಳಿದದ್ದನ್ನು ಉಂಡವನು ಈ ಅಣ್ಣ, ಅವನನ್ನು ಮೂಟೆಯ ಹಲಗೆಯ ಮೇಲೆ ನಿಲ್ಲಿಸಿದ ಗಂಡಸಿಗೆ ಬಡಿಸಲು ತನ್ನ ಕೈ ಏಳುವುದಿಲ್ಲ. ಯಜಮಾನರು ವಿಷಯವನ್ನು ಶಾಸ್ತ್ರೀಯವಾಗಿ ನೋಡಬೇಕೆಂದು ಹೇಳಹೊರಟರು. ಅಷ್ಟರಲ್ಲಿ ಸೌಟು ನೆಲಕ್ಕೆ ಬಿದ್ದ ಸದ್ದಾಯಿತು. ಬಿದ್ದದ್ದೋ ಬೀಳಿಸಿದ್ದೋ ಎಂದು ವಿಚಾರಿಸುವ ಧೈರ್ಯ ಅವರಿಗೆ ಬರಲಿಲ್ಲ.

ಬಾಗಿಲು ಹಾಕಿದ್ದರೂ ಗೋಡೆ ತೆಳುವಾಗಿತ್ತು. ಬೆಳಿಗ್ಗೆ ನೋಡಿದರೆ ಭಾವನ ಹಾಸಿಗೆ ಮಡಿಸಿಟ್ಟಿತ್ತು. ಅವರು ಮುಂಜಾನೆಯೇ ತಂಗಿಯನ್ನು ಎಬ್ಬಿಸಿ, ತನ್ನ ದೆಸೆಯಿಂದ ಗಂಡಹೆಂಡಿರಲ್ಲಿ ಜಗಳ ಬೇಡವೆಂದೂ, ಆಸ್ಪತ್ರೆಯ ಎದುರಿಗೇ ಬಾಡಿಗೆ ಕೋಣೆಗಳಿವೆ, ಅಲ್ಲೊಂದನ್ನು ಹಿಡಿಯುವೆನೆಂದೂ ಹೇಳಿ, ಚೀಲ ಹಿಡಿದು ಮೊದಲ ಬಸ್ಸಿಗೆ ಹೋಗಿದ್ದರು.

ಆ ದಿನ ಹಿಂದೆಂದೂ ಕಾಣದ ಚಳಿ. ವ್ಯಾನು ತಪ್ಪಿದ್ದರಿಂದ ಯಜಮಾನರು ಕಾರಿನಲ್ಲೇ ಕಚೇರಿಗೆ ಹೊರಟರು. ಇನ್ಸ್‌ಪೆಕ್ಟರೂ ಟೈಲರಮ್ಮನೂ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಯಜಮಾನರು ಒಬ್ಬರೇ, ಹತ್ತಿಯಂತೆ ಹಗುರಾಗಿ, ಸೀಟಿನಲ್ಲಿ ಕೂತು ಕೀಲಿ ತಿರುಗಿಸಿದರು.

ದೀಪ ಹತ್ತಿತು.

ಕೀಲಿಯನ್ನು ಹಿಂದಕ್ಕೆ ತಿರುಗಿಸಿ ಮತ್ತೆ ತಿರುಗಿಸಿದರು. ಮತ್ತೆ ಹತ್ತಿತು. ಹಿಂದಿನ ಸೀಟಿನಲ್ಲಿ ಯಾರಾದರೂ ಇದ್ದಾರೆಯೇ ಎಂದು ಯಜಮಾನರು ತಿರುಗಿ ನೋಡಿದರೆಂಬುದನ್ನು ಇಲ್ಲಿ ದಾಖಲಿಸಲು ನಮಗೇ ನಾಚಿಕೆಯಾಗುತ್ತದೆ. ಆದರೆ ನೋಡಿದ್ದು ನಿಜ.

ಅವರು ನೆಟ್ಟಗೆ ಬೀದಿಯ ಹಿಂದಿನ ಪೆಟ್ರೋಲು ಬಂಕಿಗೆ ಹೋದರು. ಗಾಳಿ ನೋಡಿದರೆ ನಾಲ್ಕೂ ಟೈರುಗಳಲ್ಲಿ ಕಡಿಮೆ. ಹೀಗೇಕೆಂದು ಯಜಮಾನರು ಕೇಳಿದರು. ಬಂಕಿನ ಮಾಲೀಕರು ಯಜಮಾನರ ತಪಾಸಣೆಗೆ ವರ್ಷವರ್ಷವೂ ತಲೆಬಾಗುವವರು. ಈ ಪ್ರಶ್ನೆಯನ್ನು ತಮಗೊಡ್ಡಿದ ಪರೀಕ್ಷೆಯೆಂದು ತಿಳಿದು, ಪಾಠ ಒಪ್ಪಿಸುವ ವಿದ್ಯಾರ್ಥಿಯಂತೆ ನಿಂತರು.

“ನೀವೇ ಹೇಳ್ಕೊಟ್ಟಿದ್ದು ಸಾರ್. ಪೆಟ್ರೋಲ್ ಅಳೆಯೋ ಡಬ್ಬಿ ನೋಡೋಕೆ ಬಂದಾಗಲೆಲ್ಲ ಹೇಳ್ತೀರಿ: ಚಳಿಗೆ ಕುಗ್ಗದ ವಸ್ತು ಇಲ್ಲ, ಬಿಸಿಗೆ ಹಿಗ್ಗದ ವಸ್ತು ಇಲ್ಲ, ಅದನ್ನ ಮರೆತು ಅಳೆಯೋನು ದಡ್ಡ ಅಂತ. ಗಾಳಿಯೂ ಹಾಗೇ ಅಲ್ವಾ ಸಾರ್? ರಾತ್ರಿಯೆಲ್ಲ ಹೊರಗೆ ನಿಂತ ಗಾಡಿ, ಒಳಗಿನ ಗಾಳಿ ಕುಗ್ಗಿರತ್ತೆ. ಓಡ್ತಾ ಟೈರು ಬಿಸಿಯಾದ್ರೆ ತಿರುಗ ಉಬ್ಬತ್ತೆ, ದೀಪ ಆರತ್ತೆ. ಮಧ್ಯಾಹ್ನ ನೋಡಿದ್ರೆ ಮೋಸ. ಹೀಗೆ ಬೆಳಿಗ್ಗೆ ತಣ್ಣಗಿದ್ದಾಗ ನೋಡಿ ಹಿಡಿಸಬೇಕು. ಸರಿಯಾಗಿ ಹೇಳಿದ್ನಾ ಸಾರ್?”

ಯಜಮಾನರು ಸರಿಯೆಂದರು. ಗಾಳಿ ಹಿಡಿಸುವಷ್ಟು ಹೊತ್ತೂ ಅವರು ಕಾರಿನ ಹಿಂದೆ ನಿಂತು, ಅಲ್ಲಿ ಏನೋ ಬಿದ್ದಿದೆಯೆಂಬಂತೆ ನೆಲ ನೋಡುತ್ತಿದ್ದರು. ಮಂಜು, ಮಫ್ಲರು, ಟೇಪು, ಕಬ್ಬಿಣದ ಹಲಗೆ, ‘ಉಸಿರು ಹಿಡೀಲಾ ಭಾವ’. ಎಲ್ಲವೂ ಒಂದರ ಹಿಂದೊಂದು ಬಂದು ಎದುರಿಗೆ ನಿಂತವು. ಚಳಿಯಲ್ಲೂ ಅವರ ಕಿವಿ ಸುಡುತ್ತಿತ್ತು.

ಆಸ್ಪತ್ರೆಯ ಎದುರಿನ ಕಟ್ಟಡದ ಮೂರನೆಯ ಮಹಡಿಯಲ್ಲಿ ಭಾವನ ಕೋಣೆ. ಮಂಚ ಕಿರಿದಾಗಿತ್ತು, ಭಾವ ಅದರ ಮೇಲೆ ಮಲಗಲಾರದೆ, ನೆಲದ ಮೇಲೆ ಹಾಸಿಕೊಂಡಿದ್ದರು. ಯಜಮಾನರು ಗಾಳಿಯ ಸ್ವಭಾವದಿಂದ ಆರಂಭಿಸಿ, ಉಷ್ಣಾಂಶವನ್ನು ಮುಟ್ಟಿ, ಲೋಹಗಳ ಮಾರ್ಗವಾಗಿ ಬಹಳ ಸುತ್ತಿ ಕೊನೆಗೆ ವಿಷಯಕ್ಕೆ ಬಂದರು. ಭಾವ ತಾಳ್ಮೆಯಿಂದ ಕೇಳಿದರು.

“ಅಂದ್ರೆ ದೀಪ ಹತ್ತಿದ್ದು ನನ್ನಿಂದ ಅಲ್ಲ.”

“ಅಲ್ಲ.”

“ನಾನು ಚಳೀಲಿ ನಡೆದಿದ್ದು?”

“ಬೇಕಿರಲಿಲ್ಲ.”

“ನಿಮ್ಮ ಆಫೀಸಲ್ಲಿ ನಿಂತಿದ್ದು?”

ಯಜಮಾನರು ಕಾರಿನ ಕೀಲಿಗೊಂಚಲನ್ನು ಎಣಿಸತೊಡಗಿದರು. ಭಾವ ಕಿಟಕಿಯ ಕಡೆ ತಿರುಗಿ, ಹುಟ್ಟಿದಂದಿನಿಂದ ಯಾರಿಗೂ ಹೇಳದಂಥ ಮಾತೊಂದನ್ನು ಹೇಳಿದರು.

“ನನಗೆ ಹೇಳಿದ್ರೆ ಆಯ್ತಾ ಭಾವ? ಯಾರ ಮುಂದೆ ನಗಿಸಿದ್ರೋ ಅವರ ಮುಂದೆ ಹೇಳಿ. ಆಮೇಲೆ ಮನೆಗೆ ಬರ್ತೀನಿ.”

ನ್ಯಾಯವಾದ ಷರತ್ತು. ಯಜಮಾನರು ಮೊದಲು ಕಚೇರಿಗೆ ಹೋಗಿ, ಸಹಾಯಕ ನಿಯಂತ್ರಕರ ಮುಂದೆ ನಿಂತು, ತಾನು ಮೂರ್ಖನೆಂದು ನಿವೇದಿಸಿದರು. ನಿಯಂತ್ರಕರು ಕಡತದಿಂದ ತಲೆ ಎತ್ತದೆ, ಈ ವಿಷಯ ಇಲಾಖೆಗೆ ಹಿಂದಿನಿಂದಲೂ ತಿಳಿದಿದೆಯೆಂದರು. ಇಲ್ಲಿಯವರೆಗೆ ಕೆಲಸ ಸುಲಭವಾಗಿ ನಡೆಯಿತು. ಆದರೆ ಬೀದಿ ಇಲಾಖೆಯಂಥದಲ್ಲ.

ಮರುದಿನ ಬೆಳಿಗ್ಗೆ ಯಜಮಾನರು ಕೋಣೆಗೆ ಹೋಗಿ, ಭಾವನನ್ನು ಕಾರಿನ ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಬೀದಿಗೆ ಬಂದು, ಎಲ್ಲರನ್ನೂ ಕರೆದರು. ದೀಪ ಹತ್ತಲಿಲ್ಲವೆಂಬುದನ್ನು ಒಬ್ಬೊಬ್ಬರನ್ನೂ ಕೈಹಿಡಿದು ಕರೆತಂದು ತೋರಿಸಿದರು. ಚಳಿಯ ವಿಚಾರ ಹೇಳಿ, ತಪ್ಪೆಲ್ಲ ತಮ್ಮದೆಂದೂ, ಈ ದೊಡ್ಡ ಮನುಷ್ಯರ ಕಾಲಿನ ಧೂಳಿಗೂ ತಾವು ಸಮವಲ್ಲವೆಂದೂ ನುಡಿದರು. ಆಮೇಲೆ ಇನ್ಸ್‌ಪೆಕ್ಟರು ಗಂಟಲು ಸರಿಪಡಿಸಿಕೊಂಡರು. ಅವರ ಮುಖದಲ್ಲಿ ಕಳವಳವಿತ್ತು. ಸಿದ್ಧಾಂತ ಬಿದ್ದರೆ ಅತ್ತೆ ವಾಪಸು ಬರುತ್ತಾರೆ.

“ಯಜಮಾನ್ರೇ, ನಿಮ್ಮದು ದೊಡ್ಡ ಮನಸ್ಸು. ನೆಂಟರ ಮನಸ್ಸು ನೋಯಬಾರದು ಅಂತ ನೀವೇ ತಪ್ಪು ಹೊತ್ಕೋತಿದ್ದೀರಿ. ನಮಗೆ ಅಷ್ಟೂ ಅರ್ಥ ಆಗಲ್ವಾ?”

ಯಜಮಾನರು ಹಾಗಲ್ಲವೆಂದರು. ಅವರು ಹಾಗಲ್ಲವೆಂದಷ್ಟೂ ಜನರ ಕಣ್ಣಲ್ಲಿ ಅವರ ಘನತೆ ಏರುತ್ತ ಹೋಯಿತು. ತಾನು ಶುದ್ಧ ದಡ್ಡನೆಂದು ಅವರು ಆಣೆ ಮಾಡಿದರು. ದೊಡ್ಡವರ ವಿನಯವೇ ಹೀಗೆ ಎಂದು ಯಾರೋ ನಿಟ್ಟುಸಿರಿಟ್ಟರು. ಹಾಗಾದರೆ ಇಂದು ಭಾವ ಕೂತಿದ್ದರೂ ದೀಪ ಹತ್ತಲಿಲ್ಲವೇಕೆ ಎಂದು ಯಜಮಾನರು ಕೊನೆಯ ಅಸ್ತ್ರ ಬಿಟ್ಟರು. ಆಗ ಟೈಲರಮ್ಮ ಮುಂದೆ ಬಂದು, ಕಾರಿನ ಕಿಟಕಿಯೊಳಗೆ ಬಗ್ಗಿ, ವೃತ್ತಿಯ ಕಣ್ಣಿನಿಂದ ಭಾವನನ್ನು ಅಳೆದು ನೋಡಿದರು.

“ಯಾಕೆ ಅಂದ್ರೆ ಇವರು ಇಳಿದಿದ್ದಾರೆ. ಸ್ವೆಟರು ನೋಡಿ ಹೇಗೆ ಜೋಲ್ತಿದೆ. ಇನ್ನೊಂದು ವಾರ ನಡೆಸಿ ಯಜಮಾನ್ರೇ, ಬಿಡಬೇಡಿ.”

ಬೀದಿ ಒಮ್ಮನದಿಂದ ಭಾವನನ್ನು ಅಭಿನಂದಿಸಿತು. ಸೊರಗಿದ ಆ ಕೆನ್ನೆಗಳ ಮೇಲೆ ತಾವು ತಪ್ಪಿಸಿದ ಒಂದೊಂದು ಊಟವೂ ಯಜಮಾನರಿಗೆ ಕಾಣಿಸುತ್ತಿತ್ತು. ಮನೆಯ ಬಾಗಿಲಲ್ಲಿ ನಿಂತ ಹೆಂಡತಿ ಸೆರಗಿನಿಂದ ಮುಖ ಒತ್ತಿಕೊಂಡಿದ್ದಳು; ಅಳುತ್ತಿದ್ದಳೋ ನಗುತ್ತಿದ್ದಳೋ ಹೇಳುವಂತಿರಲಿಲ್ಲ. ಯಜಮಾನರು ಹಿಂದಿರುಗಿ ಬಂದು ಸೀಟಿನಲ್ಲಿ ಕುಸಿದು ಕೂತರು. ಷರತ್ತು ಮುರಿದುಬಿದ್ದಿತ್ತು. ಹೇಳಿದ್ದಾಯಿತು, ಆದರೆ ಕೇಳಿದವರಿಲ್ಲ. ಕೋಣೆಗೇ ವಾಪಸು ಬಿಡಲೇ ಎಂದು ಅವರು ತಲೆ ತಗ್ಗಿಸಿಯೇ ಕೇಳಿದರು.

ಭಾವ ಬೀದಿಯ ಕಡೆಗೊಮ್ಮೆ, ಬಾಗಿಲಲ್ಲಿ ನಿಂತ ತಂಗಿಯ ಕಡೆಗೊಮ್ಮೆ ನೋಡಿದರು.

“ನೀವು ಹೇಳಿದ್ದನ್ನ ನಾನು ಕೇಳಿಸ್ಕೊಂಡೆ, ಅವಳೂ ಕೇಳಿಸ್ಕೊಂಡ್ಲು. ಈಗ ಆಸ್ಪತ್ರೆಗೆ ನಡೀರಿ, ಹೊತ್ತಾಯ್ತು. ಮಧ್ಯಾಹ್ನ ಊಟಕ್ಕೆ ಬರ್ತೀನಿ ಅಂತ ಅವಳಿಗೆ ಹೇಳಿಬಿಡಿ. ಜಾಸ್ತೀನೇ ಮಾಡ್ಲಿ.”

ಯಜಮಾನರು ಕಿಟಕಿಯಿಂದ ತಲೆ ಹೊರಹಾಕಿ ಹೆಂಡತಿಗೆ ಎರಡು ಸಲ ಹೇಳಿದರು. ಕಾರು ಹೊರಟಿತು. ಎದುರುಮನೆಯ ಮುಂದೆ ಇನ್ಸ್‌ಪೆಕ್ಟರು ಹಿಮ್ಮಡಿ ಜೋಡಿಸಿ, ಹಿಂದೆಂದಿಗಿಂತಲೂ ನೀಳವಾದ ಸಲಾಮೊಂದನ್ನು ಹೊಡೆದು ನಿಂತಿದ್ದರು. ಯಜಮಾನರ ಕೈ ಸ್ಟಿಯರಿಂಗಿನಿಂದ ಮೇಲೇಳಲಿಲ್ಲ, ಕಣ್ಣು ರಸ್ತೆಯಿಂದ ಮೇಲೇಳಲಿಲ್ಲ. ಸಲಾಮನ್ನು ಹಾಗೇ ಬಿಟ್ಟುಹೋಗುವುದು ಚೆನ್ನಲ್ಲವೆಂದು, ಅವರ ಪರವಾಗಿ ಭಾವನೇ ಕೈಯೆತ್ತಿ ಅದನ್ನು ಸ್ವೀಕರಿಸಿದರು.